ಮೂರು ದಿನದ ಕಟ್ಟು

ಅವರು ಒಂದು ದಿನವೂ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಆದರೂ ಬೀದಿಯವರಿಗೆಲ್ಲ ಅವರು ಮೂಳೆ ಮೇಷ್ಟ್ರು. ಉಳುಕಿದ ಕಾಲು, ತಪ್ಪಿದ ಭುಜದ ಕೀಲು, ಮುರಿದ ಮುಂಗೈ, ಏನೇ ಇರಲಿ, ಸರಿಪಡಿಸುವುದರಲ್ಲಿ ಅವರು ಎತ್ತಿದ ಕೈ. "ಮುರಿದ ಸಂಬಂಧ ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಕೂಡಿಸ್ತಾರೆ" ಎಂದು ಜನ ತಮಾಷೆ ಮಾಡುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಬೆಂಚು, ಗೋಡೆಗೆ ಒರಗಿಸಿದ ಬಿದಿರಿನ ದಬ್ಬೆಗಳು, ಹರಿದು ಸುತ್ತಿಟ್ಟ ಬಿಳಿ ಬಟ್ಟೆ. ಮೂವತ್ತೈದು ವರ್ಷದಿಂದ ಅಷ್ಟೇ ಅವರ ಸಾಮಾನು. ಕಟ್ಟು ಹಾಕಿಸಿಕೊಂಡು ಏಳುವ ಪ್ರತಿಯೊಬ್ಬರಿಗೂ ಹೇಳುತ್ತಿದ್ದ ಮಾತೂ ಒಂದೇ: "ಬೆರಳು ಮರಗಟ್ಟಿದ್ರೆ, ಬಣ್ಣ ತಿರುಗಿದ್ರೆ, ಯಾವ ಹೊತ್ತಾದ್ರೂ ಸರಿ, ಓಡಿ ಬಂದ್ಬಿಡಿ."

ಅವರಿಗೆ ಒಬ್ಬಳೇ ಮಗಳು, ಮೂವತ್ತರ ಆಸುಪಾಸು. ತಿರುವಿನಲ್ಲಿದ್ದ ಹೆಂಗಸರ ಪಾರ್ಲರಿನಲ್ಲಿ ಕೂದಲು ಕತ್ತರಿಸುತ್ತಿದ್ದಳು. ಅವಳ ಕತ್ತರಿಗಾಗಿ ಹೆಂಗಸರು ಗಂಟೆಗಟ್ಟಲೆ ಕಾಯುತ್ತಿದ್ದರು. ಒಂದು ಸೋಮವಾರ ಬೆಳಿಗ್ಗೆ, ಕನ್ನಡಿಯ ಮೇಲಂಚು ಒರೆಸಲು ಸ್ಟೂಲು ಹತ್ತಿದವಳು ಆಯತಪ್ಪಿ ಬಿದ್ದಳು. ಬಲಗೈಯ ಮುಂಗೈ ನಡುವೆ ಬಾಗಿಹೋಗಿತ್ತು.

ಪಾರ್ಲರಿನ ಒಡತಿ ಅವಳನ್ನು ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಹೊರಟಿದ್ದಳು. ಅಷ್ಟರಲ್ಲಿ ಸುದ್ದಿ ತಿಳಿದು ಮೇಷ್ಟ್ರು ಓಡುತ್ತ ಬಂದು ಆಟೋಗೆ ಅಡ್ಡ ನಿಂತರು.

"ಎಲ್ಲಿಗೆ?"

"ಆಸ್ಪತ್ರೆಗೆ ಅಪ್ಪ. ಒಂದ್ಸಲ ಎಕ್ಸ್‌ರೇ ತೆಗೆಸ್ಕೊಂಡು ಬರ್ತೀನಿ."

"ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳ್ತಾರಾ! ಊರವರ ಮೂಳೆಗೆಲ್ಲ ನಾನು ಬೇಕು, ನನ್ನ ಮಗಳ ಮೂಳೆಗೆ ಆಸ್ಪತ್ರೆನಾ? ನಾಳೆ ಜನ ಏನಂತಾರೆ?"

ಸುತ್ತ ಆಗಲೇ ಹತ್ತು ಜನ ಸೇರಿದ್ದರು. ಮಗಳು ಅಪ್ಪನ ಮುಖ ನೋಡಿ ಆಟೋದಿಂದ ಇಳಿದಳು.

ಮುಂಗೈಯ ಎರಡೂ ಮೂಳೆ ಮುರಿದಿದ್ದವು. ಮೇಷ್ಟ್ರು ಎಳೆದು, ನೇರ ಮಾಡಿ, ನಾಲ್ಕು ದಬ್ಬೆ ಇಟ್ಟು ಬಿಗಿದರು. ಮಗಳ ಕೈ ಎಂದು ಬೇರೆಯವರಿಗೆ ಸುತ್ತುವುದಕ್ಕಿಂತ ಎರಡು ಸುತ್ತು ಹೆಚ್ಚೇ ಸುತ್ತಿದರು.

ಸಂಜೆ ಹೊತ್ತಿಗೆ ಕೈ ಊದತೊಡಗಿತು. ಕಟ್ಟಿನೊಳಗೆ ಊತಕ್ಕೆ ಜಾಗವಿರಲಿಲ್ಲ.

"ಅಪ್ಪ, ತುಂಬಾ ನೋಯ್ತಿದೆ. ಒಂಚೂರು ಸಡಿಲ ಮಾಡು."

"ನೋವಿದ್ರೇನೇ ಮೂಳೆ ಕೂಡೋದು. ತಡ್ಕೋ."

"ಬೆರಳು ಚಾಚಿದ್ರೆ ಪ್ರಾಣ ಹೋಗತ್ತೆ ಅಪ್ಪ."

"ಹಾಗಾದ್ರೆ ಚಾಚ್ಬೇಡ."

ಮರುದಿನ ತಾಯಿ ಮಗಳ ಉಗುರುಗಳನ್ನು ನೋಡಿ ಗಂಡನ ಬಳಿ ಬಂದಳು. "ರೀ, ನೀವೇ ಎಲ್ಲರಿಗೂ ಹೇಳ್ತೀರಲ್ಲ, ಬಣ್ಣ ತಿರುಗಿದ್ರೆ ಬನ್ನಿ ಅಂತ. ಬಂದು ನೋಡಿ."

ಅವರು ಬಂದು ನೋಡಿದರು. ಉಗುರು ಬಿಳಿಚಿಕೊಂಡಿತ್ತು, ಬೆರಳ ತುದಿ ನೀಲಿಯಾಗಿತ್ತು. ಬೇರೆ ಯಾರದ್ದಾದರೂ ಆಗಿದ್ದರೆ ಆ ಕ್ಷಣವೇ ಕಟ್ಟಿಗೆ ಕತ್ತರಿ ಹಾಕುತ್ತಿದ್ದರು. ಆದರೆ ಈಗ ಬಿಚ್ಚಿದರೆ ಮೂಳೆ ಜರುಗುತ್ತದೆ, ಕೈ ಸೊಟ್ಟಗಾಗುತ್ತದೆ. ಮೂಳೆ ಮೇಷ್ಟ್ರ ಮಗಳೇ ಸೊಟ್ಟಗೈ ಹೊತ್ತು ಬೀದಿಯಲ್ಲಿ ಓಡಾಡುತ್ತಾಳೆ. "ಚಳಿಗೆ ಹಾಗಾಗಿದೆ, ಶಾಲು ಹೊದಿಸು" ಎಂದು ಹೇಳಿ ಮುಂದಿನ ಕೋಣೆಗೆ ಹೋಗಿ, ಕಾಯುತ್ತಿದ್ದ ಡ್ರೈವರೊಬ್ಬನ ಮೊಣಕಾಲು ನೋಡತೊಡಗಿದರು.

ಮೂರನೆಯ ದಿನ ಮಗಳು ನರಳುವುದನ್ನು ನಿಲ್ಲಿಸಿದಳು. "ನೋಡಿದ್ಯಾ, ನೋವು ಇಳೀತು" ಎಂದು ಮೇಷ್ಟ್ರು ಹೆಂಡತಿಗೆ ಹೇಳಿದರು. ಆ ಮೂರು ದಿನದಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡರು.

ಮಧ್ಯಾಹ್ನ ತಾಯಿ ಮಗಳಿಗೆ ಚಹಾ ಕೊಡುವಾಗ ಲೋಟ ವಾಲಿ, ಕುದಿಯುವ ಚಹಾ ಆ ಬೆರಳುಗಳ ಮೇಲೆ ಚೆಲ್ಲಿತು. ತಾಯಿ ಚೀರಿದಳು. ಮಗಳು ಮಾತ್ರ, "ಏನಾಯ್ತಮ್ಮ?" ಎಂದಳು.

ಚೀರಿದ್ದು ಕೇಳಿ ಬಂದ ಮೇಷ್ಟ್ರು ಬಾಗಿಲಲ್ಲೇ ನಿಂತರು. ಕಟ್ಟು ಕತ್ತರಿಸಿದವಳು ತಾಯಿ. ಆಸ್ಪತ್ರೆಗೆ ಕರೆದುಕೊಂಡು ಹೋದವಳೂ ತಾಯಿಯೇ.

ಡಾಕ್ಟರು ಮುಂಗೈ ಸೀಳಿ ನೋಡಿದರು. ಒಳಗಿನ ಮಾಂಸಖಂಡ ರಕ್ತವಿಲ್ಲದೆ ಸತ್ತುಹೋಗಿತ್ತು. ಎರಡು ಸಲ ಆಪರೇಷನ್ ಮಾಡಿ ಸತ್ತದ್ದನ್ನೆಲ್ಲ ತೆಗೆದರು. ಕೈಯನ್ನೇನೋ ಉಳಿಸಿದರು. ಆದರೆ ಅದರಲ್ಲಿ ಹಿಡಿಯುವ ಶಕ್ತಿ ಉಳಿಯಲಿಲ್ಲ. ವಾರಗಳು ಕಳೆದಂತೆ ಮಣಿಕಟ್ಟು ಒಳಕ್ಕೆ ಬಾಗಿತು, ಬೆರಳುಗಳು ಅಂಗೈಯೊಳಗೆ ಮಡಚಿಕೊಂಡವು. ಕೀಲುಗಳ ಸುತ್ತಲಿನ ರಜ್ಜುಗಳೂ ಬಿಗಿದು, ಬೆರಳುಗಳನ್ನು ಇನ್ನೊಂದು ಕೈಯಿಂದ ಬಿಡಿಸಿದರೂ ಬಿಡಿಸಿಕೊಳ್ಳದಂತಾದವು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಮೇಷ್ಟ್ರಿಗೆ ತೋರಿಸಿದರು. ದನಿಯಲ್ಲಿ ವ್ಯಂಗ್ಯವಿರಲಿಲ್ಲ.

"ಮೂಳೆ ನೇರವಾಗಿ ಕೂಡಿದೆ ಯಜಮಾನ್ರೇ. ಅದ್ರಲ್ಲಿ ಒಂದು ತಪ್ಪೂ ಇಲ್ಲ. ಮೊದಲನೇ ದಿನ ಸಂಜೆ ಕಟ್ಟು ಬಿಚ್ಚಿದ್ದಿದ್ರೆ ಸಾಕಿತ್ತು."

ಮನೆಗೆ ಬಂದ ಮೇಲೆ ಮೇಷ್ಟ್ರು ದಬ್ಬೆಗಳನ್ನು ಒಲೆಗೆ ಹಾಕಿದರು. ಯಾರು ಬಂದರೂ "ಆಸ್ಪತ್ರೆಗೆ ಹೋಗಿ" ಎಂದು ಬಾಗಿಲು ಮುಚ್ಚುತ್ತಿದ್ದರು. ಮಗಳ ಬೆರಳನ್ನು ದಿನಾ ಎಣ್ಣೆ ಹಚ್ಚಿ ನೀವಬೇಕೆಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಅದನ್ನು ಅವರಷ್ಟು ಚೆನ್ನಾಗಿ ಮಾಡಬಲ್ಲವರು ಆ ಮನೆಯಲ್ಲಿ ಬೇರೆ ಇರಲಿಲ್ಲ. ಅವರು ಹತ್ತಿರ ಬಂದು ಕೂತರೆ ಸಾಕು, ಮಗಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡು "ಅಮ್ಮ ಬರ್ಲಿ" ಎನ್ನುತ್ತಿದ್ದಳು. ಪಾರ್ಲರಿಗೆ ಒಂದು ದಿನ ಹೋದಳು. ಎಡಗೈಯಲ್ಲಿ ಪೊರಕೆ ಹಿಡಿದು ಬೇರೆಯವರು ಕತ್ತರಿಸಿದ ಕೂದಲು ಗುಡಿಸಿ ಬಂದಳು. ಮತ್ತೆ ಹೋಗಲಿಲ್ಲ.

ಕೊನೆಗೆ, ದೂರದಲ್ಲಿದ್ದ ಚಿಕ್ಕಮ್ಮನ ಮನೆಗೆ ಹೋಗಿಬಿಡುತ್ತೇನೆಂದು ಹೊರಟಳು. ಬ್ಯಾಗಿಗೆ ಬಟ್ಟೆ ತುಂಬಿಸಿದವಳು ತಾಯಿ. ಮೇಷ್ಟ್ರು ಬಾಗಿಲ ಬಳಿ ನಿಂತಿದ್ದರು.

"ನನ್ನಿಂದ ತಪ್ಪಾಯ್ತು ಕಣಮ್ಮ" ಎಂದರು.

ಮಗಳು ಕೇಳಿದಳು: "ಆ ಮೂರು ದಿನ ನಾನು ಕೂಗಿದ್ದು ನಿಂಗೆ ಕೇಳಿಸ್ತಿತ್ತಾ ಅಪ್ಪ?"

"ಕೇಳಿಸ್ತಿತ್ತು."

"ಎಲ್ಲಾ?"

"ಎಲ್ಲಾ ಕೇಳಿಸ್ತು."

ಅವಳ ಕಣ್ಣಲ್ಲಿ ನೀರು ತುಂಬಿತು. "ಕೇಳಿಸ್ಲಿಲ್ಲ ಅಂತ ಒಂದು ಸುಳ್ಳಾದ್ರೂ ಹೇಳ್ಬಾರ್ದಿತ್ತಾ?" ಎಂದು ಎಡಗೈಯಲ್ಲಿ ಬ್ಯಾಗು ಎತ್ತಿಕೊಂಡಳು. ಅವರು ಅದನ್ನು ತಾವು ಹಿಡಿದುಕೊಳ್ಳಲು ಹೋದರು. ಅವಳು ಬಿಡಲಿಲ್ಲ.

ತಾಯಿ ತಿಂಗಳಿಗೊಮ್ಮೆ ಹೋಗಿ ಮಗಳನ್ನು ನೋಡಿ ಬರುತ್ತಾಳೆ. ಬಂದ ದಿನ ಮೇಷ್ಟ್ರು ಏನನ್ನೂ ಕೇಳುವುದಿಲ್ಲ. ಅವಳೂ ಏನನ್ನೂ ಹೇಳುವುದಿಲ್ಲ. ಇಬ್ಬರೂ ಉಂಡು, ತಮ್ಮ ತಮ್ಮ ತಟ್ಟೆ ತಾವೇ ತೊಳೆದಿಡುತ್ತಾರೆ.