ಮೊದಲ ಉಂಡೆ

“ಇಲ್ಲಿ?”

“ಹೂಂ.”

“ಇಲ್ಲಿ ಒತ್ತಿದರೆ?”

“ಅಲ್ಲೂ.”

ಭುಜದಿಂದ ಮೊಣಕೈಗೆ, ಅಲ್ಲಿಂದ ಸೊಂಟಕ್ಕೆ ಇಳಿಯುತ್ತಿದ್ದ ಹೆಬ್ಬೆರಳು ಡಾಕ್ಟರ್ ಭವ್ಯಶ್ರೀಯದು. ಹದಿನಾಲ್ಕು ವರ್ಷಗಳ ಹಿಂದೆ ತಿಪಟೂರಿನ ಪಿಯು ಕಾಲೇಜಿನಲ್ಲಿ ಶಶಿರೇಖಾ ಇವಳಿಗೆ ರಸಾಯನಶಾಸ್ತ್ರ ಕಲಿಸಿದ್ದಳು. ಬ್ಯುರೆಟ್ಟಿನ ಅಳತೆಯನ್ನು ಕಣ್ಣಿನ ಮಟ್ಟದಲ್ಲಿ ಓದು, ಅಂದಾಜು ಬರೆಯಬೇಡ ಎಂದು ಬೈದಿದ್ದಳು. ಈಗ ಆ ಹುಡುಗಿ ಅವಳ ಮೈಯನ್ನು ಅಂದಾಜಿನಲ್ಲೇ ಓದುತ್ತಿದ್ದಾಳೆ.

“ಥೈರಾಯ್ಡ್ ಕಂಟ್ರೋಲಲ್ಲಿದೆ ಮೇಡಂ. ಟಿಎಸ್‌ಎಚ್ ಎರಡು ಪಾಯಿಂಟ್ ನಾಲ್ಕು. ನಂದೇ ಇಷ್ಟು ಚೆನ್ನಾಗಿಲ್ಲ.”

“ಹಾಗಾದರೆ ಈ ನೋವು?”

“ಫೈಬ್ರೊಮಯಾಲ್ಜಿಯಾ. ಮೈಯೆಲ್ಲ ನೋಯೋ ಕಾಯಿಲೆ.”

“ಥೈರಾಯ್ಡಿನಿಂದ ಬಂದದ್ದಾ?”

“ಥೈರಾಯ್ಡ್ ತೊಂದರೆ ಇರೋರಲ್ಲಿ ಇದು ಜಾಸ್ತಿ ಕಾಣುತ್ತೆ. ಆದರೆ ಅದರಿಂದಲೇ ಇದು ಬಂತು ಅಂತ ಹೇಳೋಕಾಗಲ್ಲ. ಅದು ಸರಿಹೋದಮೇಲೂ ಇದು ಉಳ್ಕೋಬಹುದು.”

“ಯಾವ ಟೆಸ್ಟಿನಲ್ಲಿ ಗೊತ್ತಾಗುತ್ತೆ?”

ಭವ್ಯಶ್ರೀ ನಕ್ಕಳು. “ಇದನ್ನ ತೋರಿಸೋ ಟೆಸ್ಟ್ ಇಲ್ಲ ಮೇಡಂ. ನೀವು ಹೇಳಬೇಕು, ನಾನು ನಂಬಬೇಕು.”

ಮಾತ್ರೆ ಬರೆದಳು. ದಿನಾ ಸ್ವಲ್ಪ ನಡೆಯಬೇಕು, ನಿದ್ದೆ ಕೆಡಬಾರದು, ಭಾರದ ಕೆಲಸ ಸದ್ಯಕ್ಕೆ ಬೇಡ ಎಂದಳು. ಕೊನೆಗೆ, “ಇವತ್ತೇ ಮನೇಲಿ ಹೇಳಿಬಿಡಿ. ಅವರು ನಂಬಿದರೆ ಅರ್ಧ ವಾಸಿ,” ಎಂದಳು.

ನೊಣವಿನಕೆರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಶಶಿರೇಖಾ ಮನೆಯಲ್ಲಿ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿದಳು. ‘ನನಗೆ ನಿಜವಾಗಿಯೂ ನೋವಿದೆ.’ ಅದರಲ್ಲಿ ‘ನಿಜವಾಗಿಯೂ’ ಸುಳ್ಳಿನಂತೆ ಕೇಳಿಸಿತು. ತೆಗೆದಳು. ‘ನನಗೆ ನೋವಿದೆ.’ ಇದನ್ನು ಬಸ್ಸಿನಲ್ಲಿರುವ ಯಾರು ಬೇಕಾದರೂ ಹೇಳಬಹುದಿತ್ತು.

ಐದರೊಳಗೆ ಇರಬೇಕಾದ ಟಿಎಸ್‌ಎಚ್ ನಾಲ್ಕು ವರ್ಷಗಳ ಹಿಂದೆ ಅವಳಿಗೆ ಅರವತ್ತೆರಡು ಇತ್ತು. ಆ ಸಂಖ್ಯೆಗೆ ಮನೆಯಲ್ಲಿ ಒಂದು ಗೌರವವಿತ್ತು. ಅತ್ತೆ ಸಿದ್ದಗಂಗಮ್ಮ ಬಂದವರಿಗೆಲ್ಲ “ನಮ್ ಸೊಸೆಗೆ ಅರವತ್ತೆರಡು” ಎನ್ನುತ್ತಿದ್ದರು, ಮಗಳ ಮಾರ್ಕ್ಸ್ ಹೇಳುವ ಹಾಗೆ. ಭಾರ ಎತ್ತಬೇಡ ಎಂದು ಗದರುತ್ತಿದ್ದರು. ಸಂಖ್ಯೆ ಇಳಿಯುತ್ತ ಬಂತು. ನೋವು ಇಳಿಯಲಿಲ್ಲ.

ಈಗ ನೋವನ್ನು ನಂಬದಿದ್ದರೆ ಮನೆಯವರನ್ನು ದೂರುವಂತಿರಲಿಲ್ಲ. ಅಳತೆಯಿಲ್ಲದ ಫಲಿತಾಂಶ ಬರೆದು ತಂದ ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕವನ್ನು ಅವಳೂ ವಾಪಸು ಕಳಿಸುತ್ತಿದ್ದಳು. ತಾನು ಡಾಕ್ಟರಾಗಿದ್ದರೆ ತನ್ನನ್ನು ನಂಬುತ್ತಿರಲಿಲ್ಲ. ಈ ಯೋಚನೆಗೆ ಅವಳಿಗೆ ನಗು ಬಂತು. ಪಕ್ಕದ ಸೀಟಿನ ಹೆಂಗಸು, ತನ್ನನ್ನು ನೋಡಿ ನಕ್ಕಳೆಂದು, ಸೆರಗು ಸರಿ ಮಾಡಿಕೊಂಡಳು.

ಮನೆಯ ಬಾಗಿಲಲ್ಲೇ ಬೆಲ್ಲ, ಏಲಕ್ಕಿ ವಾಸನೆ. ಅಂದು ಅಟ್ಟ ಇಳಿಸುವ ದಿನ. ವರ್ಷ ಪೂರ್ತಿ ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಗಳು ಅಂಗಳದಲ್ಲಿ ರಾಶಿ ಬಿದ್ದಿದ್ದವು. ಒಡೆಯಲು ಬಂದ ಹೆಂಗಸರು ಗೋಡೆಗೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದರು. ಗಂಡ ತೋಂಟದಾರ್ಯ ಏಣಿಯ ಮೇಲಿಂದಲೇ ಕೂಗಿದ.

“ಬಂದ್ಲು ನೋಡ್ರಪ್ಪ, ನಾರ್ಮಲ್ಲು. ರಿಪೋರ್ಟು ನನ್ ಮೊಬೈಲಿಗೇ ಬಂತು ಕಣೇ. ಫ್ಯಾಮಿಲಿ ಗ್ರೂಪಿಗೆ ಹಾಕ್ದೆ. ಮೂವತ್ತೊಂದು ಜನ ಕೈ ಮುಗ್ದವ್ರೆ.”

“ಕಾಯಿ ಹೋಳ್ಗೆ ಮಾಡಿವ್ನಿ ಕಣವ್ವ,” ಅತ್ತೆ ಒಳಗಿನಿಂದ ಬಂದು ಅವಳ ಕೆನ್ನೆ ಸವರಿದರು. ಅವರ ಕಣ್ಣು ಒದ್ದೆಯಾಗಿತ್ತು. “ನಾಕ್ ವರ್ಷ ನಾನೇ ಒಡ್ದೆ. ಈ ಸಲ ನೀನು ಬರ್ಲಿ ಅಂತ ಕಾಯಿ ಮುಟ್ದಂಗೆ ಕೂತೀವಿ.”

ಈ ಮನೆಯಲ್ಲಿ ಮೊದಲ ಕಾಯಿಯನ್ನು ಹಿರಿಯ ಸೊಸೆ ಒಡೆಯಬೇಕು. ಕರಟ ಚೂರಾಗಿ ಉದುರಿ, ಒಳಗಿನ ಕೊಬ್ಬರಿ ಒಂದು ಗೀರೂ ಬೀಳದೆ ಇಡೀ ಉಂಡೆಯಾಗಿ ಬರಬೇಕು. ಬಂದರೆ ಆ ವರ್ಷದ ಅಟ್ಟವೆಲ್ಲ ಚೆನ್ನ ಎಂದು ಲೆಕ್ಕ.

“ಅತ್ತೆ, ನನಗೆ…”

“ಕುಕ್ಕರಗಾಲಲ್ಲಿ ಕೂರ್ಬ್ಯಾಡ. ಮಣೆ ತಕೋ.”

ಕೂತಳು. ಸುಲಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಉಂಡೆ ಕರಟದಿಂದ ಬಿಟ್ಟುಕೊಂಡಿತ್ತು. ಮಚ್ಚಿನ ಬೆನ್ನಿನಿಂದ ಹೊಡೆದಳು. ಪೆಟ್ಟು ಕಾಯಿಗೆ ಬಿದ್ದಷ್ಟೇ ಮಣಿಕಟ್ಟಿಗೂ ಬಿತ್ತು, ಮೊಣಕೈ ಹಾದು ಕತ್ತಿನ ಬುಡದಲ್ಲಿ ನಿಂತಿತು. ಎರಡನೆಯ ಪೆಟ್ಟು. ಮೂರನೆಯದು. ಈಗ ಕೈ ತಪ್ಪಿದರೆ ಸಾಕು, ಕೊಬ್ಬರಿಗೆ ಏಟು ಬೀಳುತ್ತದೆ, ಎಲ್ಲರೂ ನೋಡುತ್ತಾರೆ, ಬಾಯಿ ಬಿಟ್ಟು ಹೇಳುವುದೇ ಬೇಕಿಲ್ಲ.

ಕೈ ತಪ್ಪಲಿಲ್ಲ. ಇಪ್ಪತ್ತು ವರ್ಷ ಪ್ರಯೋಗಶಾಲೆಯಲ್ಲಿ ಹನಿ ಎಣಿಸಿದ ಕೈ ಅದು, ಕೆಟ್ಟದಾಗಿ ಮಾಡುವುದು ಅದಕ್ಕೆ ಗೊತ್ತಿರಲಿಲ್ಲ. ಕರಟ ಚೂರುಚೂರಾಗಿ ಉದುರಿ ಕಂದು ಬಣ್ಣದ ಉಂಡೆ ಅಂಗೈಗೆ ಬಂತು.

ಒಡೆಯುವವರ ಗುಂಪಿನ ಹಿರಿಯಳು ಕೆಂಚಕ್ಕ ಅದನ್ನು ತೆಗೆದುಕೊಂಡು ತಿರುತಿರುಗಿಸಿ ನೋಡಿದಳು. “ಒಂದ್ ಗೀರಿಲ್ಲ. ಕಾಯಿಲೆ ಬಿದ್ದಿದ್ ಕೈ ಅಂತಾರಾ ಇದ್ನ? ನಾಳಿಂದ ನಮ್ ಜೊತೆ ಬಂದ್ಬುಡಿ ಮೇಡಮ್ನೋರೆ.”

ಹೆಂಗಸರು ನಕ್ಕರು. ಶಶಿರೇಖಾಳೂ ನಕ್ಕಳು. ಮಚ್ಚಿನ ಹಿಡಿತದಲ್ಲೇ ಸೆಟೆದಿದ್ದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ಯಾರಾದರೂ ನೋಡಲಿ ಎಂದು ಕಾದಿದ್ದ ಕೈಯನ್ನು ಈಗೇಕೆ ಬಚ್ಚಿಡುತ್ತಿದ್ದೇನೆಂದು ಅವಳಿಗೆ ತಿಳಿಯಲಿಲ್ಲ. ನಾಚಿಕೆಯ ವಿಷಯವೆಂದರೆ, ಹೆಮ್ಮೆಯೂ ಆಗಿತ್ತು.

ತೋಂಟದಾರ್ಯ ಏಣಿ ಇಳಿದು ಬಂದ.

“ರೀ, ಡಾಕ್ಟರು ಇನ್ನೊಂದು ಕಾಯಿಲೆ ಹೆಸರು ಹೇಳಿದರು.”

ಅವನ ಮುಖ ಸಪ್ಪಗಾಯಿತು. “ಎಷ್ಟ್ ಬಂದೈತೆ?”

“ಅದಕ್ಕೆ ಟೆಸ್ಟಿಲ್ಲ.”

“ಟೆಸ್ಟೇ ಇಲ್ವಾ?” ಅವನು ಉಸಿರು ಬಿಟ್ಟ. “ಮತ್ತೆ ಬುಡು. ಎದೆ ಧಸಕ್ ಅನ್ನಿಸ್ಬುಟ್ಟೆ ಕಣೇ.” ಅವನ ಸಂತೋಷದಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಅವಳ ಭುಜವನ್ನು ಮೆಲ್ಲಗೆ ತಟ್ಟಿ ಊಟಕ್ಕೆ ಎಲೆ ಹಾಕಿಸಲು ಹೋದ. ತಟ್ಟಿದ ಜಾಗ ಉರಿಯಿತು.

“ಕೆಂಚಕ್ಕ, ಒಳಗೆ ಕೆಟ್ಟಿದ್ದರೆ ಹೇಗೆ ಗೊತ್ತಾಗುತ್ತೆ?” ಶಶಿರೇಖಾ ಕೇಳಿದಳು.

“ಉಂಡೇದಾ? ಕುಯ್ದು ನೋಡ್ಬೇಕು. ಕುಯ್ದ್ ಮ್ಯಾಕೆ ಅದು ಉಂಡೆ ಎಂಗಾದೀತು? ಚೆನ್ನಾಗಿರಾದ್ನ ಯಾರೂ ಕುಯ್ಯಕಿಲ್ಲ.”

ಅತ್ತೆ ಉಂಡೆಯನ್ನು ಎರಡೂ ಕೈಯಲ್ಲಿ ಹಿಡಿದು ದೇವರ ಗೂಡಿಗೆ ನಡೆದರು. ಶಶಿರೇಖಾ ಹಿಂದೆಯೇ ಹೋದಳು. ಅಲ್ಲಿ ಹೋದ ವರ್ಷದ ಮೊದಲ ಉಂಡೆ ಇತ್ತು, ಹಾಗೆಯೇ ಗುಂಡಗೆ. ಅತ್ತೆ ಅದನ್ನು ಸರಿಸಿದಾಗ ಕೆಳಗೆ ಒಂದು ಚಿಟಿಕೆ ಹಿಟ್ಟಿನಂಥ ಪುಡಿ ಕಂಡಿತು. ಅವರು ಅದನ್ನು ಸೆರಗಿನಿಂದ ಒರೆಸಿ, ಹಳೆಯ ಉಂಡೆಯನ್ನು ತುಸು ತಿರುಗಿಸಿ ಇಟ್ಟು, ಹೊಸದನ್ನು ಪಕ್ಕಕ್ಕೆ ಕೂರಿಸಿದರು.

“ಎರಡೂ ಒಂದೇ ತರ ಅವೆ ನೋಡು,” ಎಂದರು ಸಂಭ್ರಮದಿಂದ.

ಆಮೇಲೆ ಎರಡಕ್ಕೂ ಕುಂಕುಮ ಇಟ್ಟರು. ಹಳೆಯದಕ್ಕೆ ಇಡುವಾಗ ಬೆರಳು ತುಸು ಒಳಕ್ಕೆ ಹೋಯಿತು.