ತೆರೆದಿಟ್ಟ ಗಲ್ಲಾ

ನನ್ನ ಗಂಡ ಪ್ರೇಮನಾಥರಿಗೆ ಬಾಯಿ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಡೊಂಬಿವಲಿ ಮಾರ್ಕೆಟಿನ ಬಂಗುಡೆ ಎಷ್ಟು ಹಳತು, ಫಾಸ್ಟ್ ಟ್ರೇನು ಯಾಕೆ ಲೇಟು, ನಾನು ಸಾರಿಗೆ ಹುಳಿ ಯಾಕೆ ಹೆಚ್ಚು ಹಾಕಿದೆ ಎಂಬುದರ ಮೇಲೆಲ್ಲ ಧಾರಾಳವಾಗಿ ಮಾತಾಡುತ್ತಾರೆ. ಆದರೆ ಆಡಲೇಬೇಕಾದ ಮಾತು ಬಂದಾಗ ಮಾತ್ರ ಬಾಯಿಗೆ ಬೀಗ. ನಾನು ಇದಕ್ಕೆ ದೂರುವುದು ಅವರನ್ನಲ್ಲ, ಅವರಪ್ಪನ ಹೋಟೆಲನ್ನು.

ಮಾವ ವಾಸು ಕಲ್ಯಾಣ್ ಸ್ಟೇಷನ್ ಹತ್ತಿರ ಒಂದು ಸಣ್ಣ ಹೋಟೆಲು ನಡೆಸುತ್ತಿದ್ದರು. ಊರಿನಿಂದ ಬಂದ ಹುಡುಗರು ಮೊದಲು ಲೋಟ ತೊಳೆಯಬೇಕು, ಆಮೇಲೆ ಟೇಬಲ್ ಒರೆಸಬೇಕು, ಆಮೇಲೆ ಸಪ್ಲೈ. ಗಲ್ಲಾದಲ್ಲಿ ಕೂರುವ ಯೋಗ ಎಲ್ಲಕ್ಕಿಂತ ಕೊನೆಗೆ. ಆದರೆ 'ನಾಳೆಯಿಂದ ನೀನು ಗಲ್ಲಾದಲ್ಲಿ ಕೂರು' ಎಂದು ಮಾವ ಯಾರಿಗೂ ಹೇಳಿದವರಲ್ಲ. ಒಂದು ದಿನ ಡ್ರಾಯರನ್ನು ಅರ್ಧ ತೆರೆದಿಟ್ಟು, ಎದ್ದು, ಬೀಡಾ ಹಾಕಿಕೊಳ್ಳಲು ಹೊರಗೆ ಹೋಗಿಬಿಡುತ್ತಿದ್ದರು. ಹತ್ತಿರ ಇದ್ದವನು ತಾನಾಗಿ ಅರ್ಥ ಮಾಡಿಕೊಂಡು ಹೋಗಿ ಕೂರಬೇಕು. ಕೂತರೆ ಅವನು ಅಂದಿನಿಂದ ಮನೆಯವನು. ಸ್ವಂತ ಮಗನಿಗೂ ಅವರು ಕೊಟ್ಟ ಅಧಿಕಾರ ಅಷ್ಟೇ, ತೆರೆದ ಡ್ರಾಯರು ಮತ್ತು ಖಾಲಿ ಕುರ್ಚಿ. ಅದನ್ನು ನೆನೆದಾಗಲೆಲ್ಲ ಇವರ ಕಣ್ಣು ಈಗಲೂ ಒದ್ದೆಯಾಗುತ್ತದೆ.

ಆದರೂ ಇವರು ಹೋಟೆಲಿನಲ್ಲಿ ನಿಲ್ಲದೆ ಕಂಪ್ಯೂಟರಿಗೆ ಹೋದರು. ನಾನು ಹೇಳುವ ಕಾಲಕ್ಕೆ, ಅಂದರೆ ಎರಡು ಸಾವಿರದ ಎಂಟರ ಸುಮಾರಿಗೆ, ಮಹಾಪೆಯ ಒಂದು ಕಂಪನಿಯಲ್ಲಿ ಯೂನಿಕ್ಸ್ ಯಂತ್ರಗಳ ಮುಖ್ಯಸ್ಥರಾಗಿದ್ದರು. ದೇಶದ ತುಂಬ ಓಡುವ ಲಾರಿಗಳ ಬುಕಿಂಗು ಆ ಯಂತ್ರಗಳ ಮೇಲೆ ನಡೆಯುತ್ತಿತ್ತು. ಯಂತ್ರ ನಿಂತರೆ ಗೋಡೌನಿನ ಗೇಟಿನಲ್ಲಿ ಲಾರಿಗಳೂ ನಿಲ್ಲುತ್ತಿದ್ದವು. ಇವರ ಕೈಕೆಳಗೆ ಇದ್ದವನು ಗುರುನಾಥ.

ಗುರುನಾಥನ ತಂದೆ ಮಾನಪ್ಪ ಕಲಬುರಗಿ ಕಡೆಯಿಂದ ಬಂದು ಲೋಡಿಂಗ್ ಕೆಲಸ ಮಾಡುತ್ತಲೇ ತೀರಿಕೊಂಡವರು. ತಾಯಿ ಮರಗಮ್ಮ ಠಾಣೆ ಶಹರದ ಫ್ಲ್ಯಾಟುಗಳಲ್ಲಿ ಪಾತ್ರೆ ತೊಳೆದು ಮಗನನ್ನು ಡಿಪ್ಲೊಮಾ ಓದಿಸಿದ್ದಳು. ಪಕ್ಕದ ಕಳವಾ ಊರಿನಲ್ಲಿ ಒಂದೇ ಖೋಲಿ, ಇಬ್ಬರೇ ಜನ. ಅವನು ಕಂಪನಿಯಲ್ಲಿ ಕಾಂಟ್ರಾಕ್ಟಿನ ಮೇಲಿದ್ದ. ಬರುವ ಏಪ್ರಿಲಿಗೆ ಪರ್ಮನೆಂಟ್ ಮಾಡುವ ಮಾತಾಗಿತ್ತು. ಪರ್ಮನೆಂಟ್ ಆದ ದಿನವೇ ಅವ್ವನ ಕೆಲಸ ಬಿಡಿಸುತ್ತೇನೆ ಎಂದು ಅವನು ನಮ್ಮ ಮನೆಯಲ್ಲಿ ಊಟ ಮಾಡುವಾಗಲೆಲ್ಲ ಹೇಳುತ್ತಿದ್ದ. ನನ್ನನ್ನು ಮೊದಲು ಮೇಡಂ ಎನ್ನುತ್ತಿದ್ದವನು ಅತ್ತಿಗೆ ಎಂಬ ಸಲುಗೆಯಲ್ಲಿ ವೈನಿ ಎನ್ನತೊಡಗಿದ್ದ.

ಒಮ್ಮೆ ಮೇ ತಿಂಗಳಲ್ಲಿ ನಾವು ಊರಿಗೆ ಹೋದಾಗ ಮನೆಯ ಕೀಲಿ ಅವನಿಗೇ ಕೊಟ್ಟು ಹೋಗಿದ್ದೆವು, ಗ್ಯಾಲರಿಯ ತುಳಸಿಗೆ ನೀರು ಹಾಕಲು. ಹೊರಡುವ ಗಡಿಬಿಡಿಯಲ್ಲಿ ನಾನು ಒಳಕೋಣೆಯ ಬಾಗಿಲು ಮುಚ್ಚಿರಲಿಲ್ಲ. ತಿರುಗಿ ಬಂದು ನೋಡಿದರೆ ಆ ಬಾಗಿಲು ಮುಚ್ಚಿದೆ, ಚಿಲಕಕ್ಕೆ ಹೊರಗಿನಿಂದ ಬಿಳಿ ದಾರ ಸುತ್ತಿ ಗಂಟು ಹಾಕಿದೆ.

"ಎಂತ ಗುರು ಇದು, ರೇಷನ್ ಅಂಗಡಿಗೆ ಸೀಲ್ ಹಾಕಿದ ಹಾಗೆ?" ಎಂದು ನಕ್ಕೆ.

"ಗಾಳಿಗೆ ಬಾಗಲಾ ಬಡಕೋತಿತ್ರಿ ವೈನಿ," ಎಂದು ಅವನೂ ನಕ್ಕ.

ಆ ಕಂಪನಿಯ ಯಂತ್ರಗಳಲ್ಲಿ ಒಬ್ಬ ಸರ್ವಾಧಿಕಾರಿ ಇರುತ್ತಾನೆ, ಅವನ ಹೆಸರು ರೂಟ್. ರೂಟ್‌ನ ಪಾಸ್‌ವರ್ಡ್ ಗೊತ್ತಿದ್ದವನು ಏನನ್ನೂ ಕಟ್ಟಬಹುದು, ಏನನ್ನೂ ಕೆಡವಬಹುದು. ಇವರು ಆ ಪಾಸ್‌ವರ್ಡನ್ನು ಗುರುನಾಥನಿಗೆ ಎಂದೋ ಕೊಟ್ಟಿದ್ದರು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡಂತೆ ಕೆಲಸ ಮಾಡಿಕೊಂಡಿದ್ದರು. ಆಗ ಆಡಿಟ್‌ನವರು ಬಂದರು. ಒಂದು ಪಾಸ್‌ವರ್ಡನ್ನು ಹೀಗೆ ಹಂಚಿಕೊಳ್ಳುವುದು ತಪ್ಪು, ಯಾರು ಏನು ಮಾಡಿದರೆಂದು ತಿಳಿಯುವುದು ಹೇಗೆ ಎಂದರು. ಇನ್ನು ಮುಂದೆ ಎಲ್ಲರೂ ತಮ್ಮ ತಮ್ಮ ಹೆಸರಿನಲ್ಲೇ ಒಳಗೆ ಹೋಗಬೇಕು, ರೂಟ್‌ನ ಅಧಿಕಾರದಿಂದ ಯಾರು ಯಾವ ಕಮಾಂಡು ಓಡಿಸಬಹುದು ಎಂಬುದನ್ನು ಬರೆದಿಡಬೇಕು. ಅದಕ್ಕೆ ಸುಡೊ ಎಂಬ ಏರ್ಪಾಡು. ಬರೆದಷ್ಟು ಮಾತ್ರ ಮಾಡಬಹುದು, ಬರೆಯದ್ದನ್ನು ಕೇಳಿದರೆ ಯಂತ್ರ ಒಲ್ಲೆ ಎನ್ನುತ್ತದೆ. ಆಡಿಟ್‌ನವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದನ್ನು ನಾನೂ ಒಪ್ಪುತ್ತೇನೆ.

ಬರೆಯುವ ಕೆಲಸ ಇವರ ಪಾಲಿಗೆ ಬಂತು. ಮ್ಯಾನೇಜರ್ ಜಯೇಶ್ ಮೊದಲೇ ಹೇಳಿಬಿಟ್ಟರಂತೆ, ಗುರುನಾಥ ಕಾಂಟ್ರಾಕ್ಟಿನವನು, ಅವನಿಗೆ ನೋಡುವ ಅಧಿಕಾರ ಸಾಕು, ಮುಟ್ಟುವುದು ಬೇಡ. ಇವರು ಅಲ್ಲಿ ವಾದಿಸಬೇಕಿತ್ತು. ಇವನೇ ಇಷ್ಟು ವರ್ಷ ಯಂತ್ರ ಕಾದದ್ದು ಎನ್ನಬೇಕಿತ್ತು. ಆದರೆ ಇವರು "ಸರಿ" ಎಂದು ಬಂದು, ಗುರುನಾಥನ ಹೆಸರಿನ ಮುಂದೆ, ಯಂತ್ರ ತನ್ನ ಕೆಲಸದ ಲೆಕ್ಕ ಬರೆದಿಡುವ ಲಾಗ್ ಫೈಲು ನೋಡುವ ಅನುಮತಿಯನ್ನಷ್ಟೇ ಬರೆದರು. ಹೊಸ ಪಾಸ್‌ವರ್ಡ್ ಇವರಿಗೂ ಜಯೇಶರಿಗೂ ಮಾತ್ರ ಗೊತ್ತು. ಆ ವಾರ ಗುರುನಾಥ ಊಟಕ್ಕೆ ಬಂದಾಗ ಎಂದಿನಷ್ಟು ಮಾತಾಡಲಿಲ್ಲ.

ಫೆಬ್ರವರಿಯ ಒಂದು ಬೆಳಗ್ಗೆ ಇವರು ಮನೆ ಬಿಟ್ಟು ಸ್ವಲ್ಪ ಹೊತ್ತಾಗಿತ್ತು, ಲ್ಯಾಂಡ್‌ಲೈನ್ ಹೊಡೆದುಕೊಂಡಿತು.

"ವೈನಿ, ಸರ್ ಮನ್ಯಾಗ ಅದಾರೇನ್ರಿ?"

"ಹೋಗಿ ಆಯ್ತಲ್ಲ ಗುರು. ಎಂತ ಆಯ್ತು?"

"ಡಿಸ್ಕ್ ತುಂಬಿ ಮಷೀನ್ ನಿಂತದ್ರಿ. ಹಳೇ ಲಾಗ್ ಒಂದಿಷ್ಟು ಅಳಿಸಿದ್ರ ಮುಗೀತು. ಆದ್ರ ನಂಗ ಅಳಸ್ಲಿಕ್ಕ ಪರ್ಮಿಶನ್ ಇಲ್ರಿ. ಸರ್ ಫೋನ್ ಹತ್ತವಲ್ದು. ಜಯೇಶ್ ಸರ್ ಅಹಮದಾಬಾದ್ ಫ್ಲೈಟ್‌ನ್ಯಾಗ ಅದಾರ."

ಇವರ ಫೋನು ಹತ್ತುವುದಾದರೂ ಹೇಗೆ? ಮುಂದಿನ ಗಾಡಿ ಕೆಟ್ಟು, ಇವರ ಫಾಸ್ಟ್ ಟ್ರೇನು ಪಾರ್ಸಿಕ್ ಸುರಂಗದ ನಡುವೆ ನಿಂತಿತ್ತು. ಅಲ್ಲಿ ನೆಟ್‌ವರ್ಕ್ ಇಲ್ಲ, ಕತ್ತಲೆ ಮತ್ತು ಬೆವರು ಮಾತ್ರ. ಗುರುನಾಥ ನನಗೆ ಮತ್ತೆ ಮತ್ತೆ ಫೋನ್ ಮಾಡಿದ. ಪ್ರತಿ ಸಲವೂ ಅವನ ದನಿ ಸಣ್ಣದಾಗುತ್ತ ಹೋಯಿತು. ಇವರು ಠಾಣೆಯಲ್ಲಿ ಇಳಿದು, ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿದು, ರಿಕ್ಷಾ ಮಾಡಿ ಮಹಾಪೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಒಂದೆರಡು ನಿಮಿಷದಲ್ಲಿ ಯಂತ್ರ ಎದ್ದು ನಿಂತಿತು. ಅಷ್ಟರೊಳಗೆ ಲಾರಿಗಳ ಸಾಲು ಹೆದ್ದಾರಿ ಮುಟ್ಟಿ, ಕಂಪನಿಯ ದೊಡ್ಡ ಗಿರಾಕಿ ಕೈಬಿಟ್ಟು ಹೋಗುವುದಾಗಿ ಹೇಳಿ ಆಗಿತ್ತು.

ಆ ಸಂಜೆ ಇವರು ಶೂ ಬಿಚ್ಚುವ ಮೊದಲೇ ಸಿಟ್ಟು ಬಿಚ್ಚಿದರು. ಮನೆಯಲ್ಲಿ ನಾವು ಆಡುವುದು ತುಳು, ಸಿಟ್ಟು ಬಂದರೆ ಇವರಿಗೆ ಅದೂ ತೊದಲುತ್ತದೆ.

"ಅವನಿಗೆ ನಾನು ಗಲ್ಲಾ ತೆರೆದಿಟ್ಟಿದ್ದೆ ಜಯಲತಾ. ಇಡೀ ಗಲ್ಲಾ."

"ಹಾಗೆಂದರೆ?"

ಆಗ ಬಿಡಿಸಿ ಹೇಳಿದರು. ಲಾಗ್ ಫೈಲು ಬರೀ ಓದಲು ಬೇರೆ ಸಾಧನಗಳಿವೆ. ಇವರು ಬೇಕೆಂದೇ ಅದನ್ನು ವಿಐ ಎಂಬ ಎಡಿಟರಿನಲ್ಲಿ ರೂಟ್ ಆಗಿ ತೆರೆಯುವ ಅನುಮತಿ ಬರೆದಿದ್ದರು. ಆ ಎಡಿಟರಿನ ಒಳಗೆ ಹೋದವನು ಅಲ್ಲಿಂದಲೇ ಒಂದು ಸಣ್ಣ ಕಮಾಂಡು ಕೊಟ್ಟರೆ ರೂಟ್‌ನ ಪೂರ್ತಿ ಅಧಿಕಾರ ಕೈಗೆ ಬರುತ್ತದೆ. ಕೆಲಸ ಬಲ್ಲವರಿಗೆಲ್ಲ ಗೊತ್ತಿರುವ ಸಂದು ಅದು. ಜಯೇಶರಿಗೆ ಗೊತ್ತಿರಲಿಲ್ಲ, ಆಡಿಟ್‌ನವರ ಕಣ್ಣಿಗೂ ಬಿದ್ದಿರಲಿಲ್ಲ.

"ಅವನಿಗೆ ಅದು ಗೊತ್ತಿಲ್ಲದೆ ಇಲ್ಲ. ನಾನೇ ಕಲಿಸಿದ್ದು. ಆದರೂ ಕೈಕಟ್ಟಿ ಕೂತ. ಅಧಿಕಾರ ಕಡಿಮೆ ಮಾಡಿದೆ ಅಂತ ಹಟ. ಸೇಡು ತೀರಿಸಿಕೊಂಡ."

"ನೀವು ಅವನಿಗೆ ಹೇಳಿದ್ರಾ, ಇದು ನಿನಗೇ ಇಟ್ಟದ್ದು ಅಂತ?"

"ಹೇಳುವುದು ಎಂತಕ್ಕೆ? ನನಗೆ ಅಪ್ಪ ಹೇಳಿದ್ರಾ?"

ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಒಂದು ಫೋನ್ ಮಾಡಿ ಕೇಳಿ ಎಂದೆ. ಕೇಳಲಿಲ್ಲ. ಅವನಾಗಿ ಬಂದು ಹೇಳಲಿ ಎಂದರು.

ಮೀಟಿಂಗು ಆಯಿತು. ಜಯೇಶರಿಗೆ ಗಿರಾಕಿಯ ಮುಂದೆ ತೋರಿಸಲು ಒಂದು ತಲೆ ಬೇಕಿತ್ತು. ಯಂತ್ರ ಸಾಯುತ್ತಿರುವಾಗ ಎದುರಿಗೆ ಕೂತಿದ್ದವನು ಯಾರು ಎಂದರು. ಅವನಿಗೆ ಅನುಮತಿ ಇರಲಿಲ್ಲ ಎಂದು ಇವರು ಒಂದು ಸಲ ಹೇಳಿದರು, ಮೆತ್ತಗೆ. ಎರಡನೇ ಸಲ ಹೇಳಲಿಲ್ಲ. ಹೊಟ್ಟೆಯೊಳಗಿನ ಸಿಟ್ಟು ನಾಲಿಗೆ ಹಿಡಿದುಕೊಂಡಿತ್ತು. ಗುರುನಾಥ ಅದೇ ಕೋಣೆಯಲ್ಲಿ ಇವರ ಮುಖ ನೋಡುತ್ತ ಕೂತಿದ್ದನಂತೆ. ಏಪ್ರಿಲಿಗೆ ಅವನು ಪರ್ಮನೆಂಟ್ ಆಗಲಿಲ್ಲ, ಕಾಂಟ್ರಾಕ್ಟೂ ಮುಂದುವರಿಯಲಿಲ್ಲ. ಅದೇ ತಿಂಗಳು ಮರಗಮ್ಮ ಇನ್ನೂ ಒಂದು ಮನೆಯ ಕೆಲಸ ಹಿಡಿದಳು.

ಮೇ ತಿಂಗಳ ಒಂದು ಭಾನುವಾರ ಅವನು ನಮ್ಮ ಮನೆಗೆ ಬಂದ. ಕೈಯಲ್ಲಿ ಸ್ಟೀಲ್ ಡಬ್ಬಿ, ಒಳಗೆ ಮರಗಮ್ಮ ಕಳಿಸಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಇವರಿಗೆ ಪ್ರಾಣ ಅದು. ಐರೋಲಿಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿದೆ, ಮೊದಲಿಗಿಂತ ಕೆಳಗಿನದು, ಹೇಳಿ ಹೋಗಲು ಬಂದೆ ಎಂದ. ನಾನು ಚಹಾ ಕೊಟ್ಟೆ. ಇಬ್ಬರೂ ಚಹಾದೊಳಗೆ ಏನೋ ಬಿದ್ದಿದೆ ಎಂಬಂತೆ ಕಪ್ಪನ್ನೇ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಕೇಳಿ ಮಾರಾಯ್ರೆ. ಮನುಷ್ಯ ಎದುರಿಗೇ ಇದ್ದಾನೆ."

ಇವರು ಕಪ್ಪು ಕೆಳಗಿಟ್ಟರು. "ಗುರು, ಅವತ್ತು ನಿನಗೆ ವಿಐ ಉಂಟಲ್ಲ, ಅದು ನೆನಪಾಗ್ಲಿಲ್ವಾ?"

"ನೆನಪಿತ್ರಿ ಸರ್. ನೀವು ಲಿಸ್ಟ್ ಹಾಕಿದ ದಿನಾನ ನೋಡಿದ್ದೆ."

"ಮತ್ತೆ ಯಾಕೆ ಬಳಸ್ಲಿಲ್ಲ? ಅದನ್ನು ನಾನು ನಿನಗೋಸ್ಕರ ಬಿಟ್ಟದ್ದು."

ಗುರುನಾಥ ಇವರನ್ನು ನೋಡಿದ ನೋಟ ನನಗೆ ಈಗಲೂ ಮರೆಯಲಾಗುವುದಿಲ್ಲ.

"ನಂಗೋಸ್ಕರ?" ಎಂದ.

"ಮತ್ತೆ ಯಾರಿಗೆ? ಜಯೇಶ್ ಬರೆಯಲು ಬಿಡಲಿಲ್ಲ. ನೀನು ಅರ್ಥ ಮಾಡ್ಕೊಳ್ತೀ ಅಂತ ಮಾಡಿದೆ."

"ಸರ್, ನಮ್ಮವ್ವ ಠಾಣೇದಾಗ ಒಂದು ಮನಿ ಕೆಲಸಾ ಮಾಡ್ತಿದ್ಳ್ರಿ. ಅಲ್ಲಿ ಮಾಲಕಿನ್ ಬಂಗಾರದ ಉಂಗುರಾ ಬೇಸಿನ್ ಮ್ಯಾಲ ಇಟ್ಟು ಒಳಗ ಹೋಗಿ ಕುಂಡ್ರತಿದ್ಳು. ಮರತು ಅಲ್ಲ, ಬೇಕಂತ. ಅವ್ವ ಅದನ್ನ ಮುಟ್ಟದಂಗ ಸುತ್ತಲೂ ಒರಸಿ ಬರ್ತಿದ್ಳು. ನಾ ಸಣ್ಣಾವಿದ್ದಾಗಿಂದ ಆಕಿ ಹೇಳಿದ್ದು ಒಂದ, ಯಾರರ ಏನರ ತೆರದಿಟ್ಟಾರ ಅಂದ್ರ ನಿನ್ನ ನೋಡ್ಲಿಕತ್ತಾರ ಅಂತ ತಿಳಕೋ."

ಇವರು ಕಪ್ಪನ್ನು ಪಕ್ಕಕ್ಕೆ ಸರಿಸಿದರು.

"ಪಾಸ್‌ವರ್ಡ್ ಕಸಗೊಂಡ್ರಿ, ಒಂದು ಸಂದಿ ಬಿಟ್ರಿ," ಎಂದ ಗುರುನಾಥ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಪರ್ಮನೆಂಟ್ ಮಾಡೂ ಮೊದಲ ನನ್ನ ನೋಡ್ಲಿಕತ್ತೀರಿ ಅಂದ್ಕೊಂಡೆ. ಅವತ್ತು ಮಷೀನ್ ನಿಂತಾಗ ವಿಐ ತೆರದು ಕುಂತಿದ್ದೆ ಸರ್. ಒಂದು ಕಮಾಂಡ್ ಅಷ್ಟ. ಬೆರಳು ಕೀ ಮ್ಯಾಲ ಇತ್ತು. ಹೊಡೀಲಿಲ್ಲ. ಮೀಟಿಂಗ್‌ನ್ಯಾಗ ನೀವು ಈಗ ಹೇಳ್ತೀರಿ, ಈಗ ಹೇಳ್ತೀರಿ ಅಂತ ಕಾಯ್ಕೋತ ಕುಂತಿದ್ದೆ. ನಾ ಪಾಸಾಗೀನಿ ಅಂತ ತಿಳಕೊಂಡಿದ್ದೆ."

ಇವರು ಅತ್ತರು. ಮದುವೆಯಾದಂದಿನಿಂದ ಅಪ್ಪನ ಸಾವಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಹಾಗೆ ಅತ್ತದ್ದನ್ನು ನಾನು ನೋಡಿಲ್ಲ. ನಾಳೆಯೇ ಜಯೇಶರ ಹತ್ತಿರ ಹೋಗಿ ಎಲ್ಲ ಹೇಳುತ್ತೇನೆ, ಸಂದು ಬಿಟ್ಟದ್ದು ನಾನು ಎನ್ನುತ್ತೇನೆ, ಕೆಲಸ ಹೋದರೆ ಹೋಗಲಿ ಎಂದರು.

"ಬ್ಯಾಡ್ರಿ ಸರ್. ನಿಮ್ಮ ಕೆಲಸ ಹೋದ್ರ ನಂದು ತಿರುಗಿ ಬರೂದಿಲ್ಲ," ಎಂದ ಗುರುನಾಥ. ಎದ್ದು ನಿಂತು, ನನ್ನ ಕಡೆ ತಿರುಗಿ, "ಡಬ್ಬಿ ಖಾಲಿ ಮಾಡಿ ಕೊಡ್ರಿ ವೈನಿ, ಅವ್ವ ಕೇಳ್ತಾಳ," ಎಂದ.

ಇವರು ಮರುದಿನ ಹೋಗಿ ಹೇಳಿಯೇ ಬಂದರು. ಜಯೇಶ್ ಬೈದರು, ಆ ಸಂದು ಮುಚ್ಚಿಸಿದರು, ಇವರ ಪ್ರಮೋಷನ್ ನಿಲ್ಲಿಸಿದರು. ಗುರುನಾಥನ ಜಾಗಕ್ಕೆ ಆಗಲೇ ಬೇರೆಯವರು ಬಂದಾಗಿತ್ತು. ಆಮೇಲಿನ ವರ್ಷಗಳಲ್ಲಿ ಇವರು ಕೈಕೆಳಗಿನವರಿಗೆ ಅಧಿಕಾರ ಕೊಡುವಾಗ ಎದುರಿಗೆ ಕೂರಿಸಿಕೊಂಡು ಬಾಯಿಬಿಟ್ಟು ಹೇಳುತ್ತಿದ್ದರಂತೆ, ಇಷ್ಟು ನಿನ್ನದು, ನಾನು ನಂಬಿ ಕೊಡುತ್ತಿದ್ದೇನೆ ಎಂದು. ಕೇಳಿದವರಿಗೆ ಅದು ವಿಚಿತ್ರವಾಗಿ ಕಂಡಿರಬೇಕು. ಗುರುನಾಥ ದೀಪಾವಳಿಗೆ ಫೋನ್ ಮಾಡುತ್ತಾನೆ, ಚೆನ್ನಾಗಿ ಮಾತಾಡುತ್ತಾನೆ. ಮನೆಗೆ ಬಂದಿಲ್ಲ.

ಅವತ್ತು ಅವನು ಖಾಲಿ ಡಬ್ಬಿ ಹಿಡಿದು ಹೋದ ಮೇಲೆ ನಾನು ರೊಟ್ಟಿಯ ತಟ್ಟೆ ಮುಚ್ಚದೆ ಅಡುಗೆಮನೆಯಲ್ಲಿ ನಿಂತಿದ್ದೆ. ಒಳಕೋಣೆಯ ಬಾಗಿಲು ಅಲ್ಲಿಂದ ಕಾಣುತ್ತದೆ. ನಮ್ಮ ಮನೆಯ ಆ ಬಾಗಿಲು ಗಾಳಿಗೆ ಬಡಿದುಕೊಳ್ಳುವುದಿಲ್ಲ, ಯಾವತ್ತೂ ಬಡಿದುಕೊಂಡಿಲ್ಲ, ಅದು ನೆಲಕ್ಕೆ ಉಜ್ಜುವ ಬಾಗಿಲು. ನಾನು ತೆರೆದಿಟ್ಟು ಹೋದ ಬಾಗಿಲಿಗೆ ಅವನು ದಾರ ಕಟ್ಟಿದ್ದು ಯಾಕೆಂದು ಆಗ ತಿಳಿಯಿತು, ಆ ದಿನ ನಾನು ನಕ್ಕಿದ್ದೂ ನೆನಪಾಯಿತು.