ಇಂಜಿನಿಯರಮ್ಮನ ತಂಗಿ

“ಸಿಟ್ಟಿನಿಂದಲೇ ಬಾಗಿಲು ಹಾಕಿದ್ದು ಅವಳು! ಒಡಹುಟ್ಟಿದವಳು ಅನ್ನೋದನ್ನೂ ನೋಡದೆ, ಮುಖದ ಮೇಲೇ, ಧಡಾರಂತ!”

ಅಕ್ಕನ ಕೊರಳ ಹತ್ತಿರ ಸುಕ್ಕುಗಟ್ಟಿದ್ದ ಬಿಳಿ ಹೊದಿಕೆಯನ್ನು ಎಳೆದು ನೇರ ಮಾಡುತ್ತಿದ್ದ ತಂಗಿಯ ಕೈ ಅಲ್ಲೇ ನಿಂತಿತು. ಮಾತು ಹೊರಗಿನ ಪಡಸಾಲೆಯಿಂದ ಬಂದಿತ್ತು. ಚಿತಾಗಾರದ ಈ ಸಣ್ಣ ಕೋಣೆಯಲ್ಲಿ ಅವಳು ಮತ್ತು ಅವಳ ಗಂಡ ಇಬ್ಬರೇ ಇದ್ದರು. ಅಕ್ಕನ ಕನ್ನಡಕದ ಅಂಗಡಿಯ ಅಕ್ಕಪಕ್ಕದವರು ಬಂದು ಹೂವಿಟ್ಟು, ಬಾಯಲ್ಲೇ ಏನೋ ಗೊಣಗಿ, ಗಡಿಯಾರ ನೋಡಿಕೊಂಡು ಹೊರಟುಹೋಗಿದ್ದರು.

“ಧಡಾರಂತ ಎಲ್ಲಿ ಹಾಕಿದ್ಲು? ಮೆಲ್ಲಗೇ ಹಾಕಿದ್ದು. ಒಳಗೆ ಹೋಗಿ ಅತ್ತಿರ್ತಾಳೆ, ಪಾಪ.” ಇದು ಹೆಂಗಸಿನ ದನಿ.

“ಅಳೋ ಪೈಕಿ ಅಲ್ಲ ಬಿಡಿ ಅವಳು. ಕಲ್ಲು.”

ತಂಗಿಗೆ ಮೈಯೆಲ್ಲ ಉರಿದುಹೋಯಿತು. ಬಾಗಿಲಿನ ವಿಷಯ ಇವರಿಗೆ ಹೇಗೆ ಗೊತ್ತು? ಅಕ್ಕ ಇದನ್ನೂ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಾಳೆಯೇ? ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿದ ಅಂಗಿಗಳ ತಪ್ಪು ಹಿಡಿಯುವ ಕೆಲಸದಲ್ಲೇ ಕೂದಲು ಬೆಳ್ಳಗಾಗಿಸಿಕೊಂಡವಳು ತಂಗಿ. ಅವಳ ಮೇಲೆ ಇಷ್ಟು ವರ್ಷ ಯಾರೂ ತಪ್ಪು ಹೊರಿಸಿರಲಿಲ್ಲ, ಹೊರಿಸಿದವರು ಉಳಿದಿರಲಿಲ್ಲ.

“ಹೋಗ್ಬೇಡ ಕಣೇ, ಇವತ್ತೊಂದು ದಿನ ಬಿಡು,” ಎಂದ ಗಂಡ. ಅಷ್ಟರಲ್ಲಿ ಅವಳು ಪಡಸಾಲೆಯಲ್ಲಿದ್ದಳು.

“ಯಾರ್ರೀ ಅದು, ನನ್ನ ವಿಷಯ ಮಾತಾಡ್ತಿರೋದು?”

ಬೆಂಚಿನ ಮೇಲೆ ಕೂತಿದ್ದ ಮೂವರೂ ಒಟ್ಟಿಗೆ ತಿರುಗಿದರು. ಅಗಲ ಭುಜದ ಒಬ್ಬ ಮುದುಕ, ಖಾಕಿ ಅಂಗಿಯನ್ನು ಇಸ್ತ್ರಿ ಮಾಡಿ ಹಾಕಿಕೊಂಡು ಬಂದಿದ್ದ. ನಿವೃತ್ತ ಬಸ್ ಡ್ರೈವರ್. ಪಕ್ಕದಲ್ಲಿ ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದ ನರ್ಸ್. ತುದಿಯಲ್ಲಿ ತೆಳ್ಳಗೆ ಉದ್ದಕ್ಕಿದ್ದ ಗಣಿತದ ಮೇಷ್ಟ್ರು. ಮೂವರ ಮೂಗಿನ ಮೇಲೂ ಕನ್ನಡಕವಿತ್ತು. ಒಂದು ಕೂದಲೆಳೆಯಷ್ಟೂ ಓರೆಯಾಗದೆ, ಜಾರದೆ ಕೂತಿದ್ದ ಆ ಮೂರೂ ಅಕ್ಕನ ಅಂಗಡಿಯವೇ ಎಂದು ತಂಗಿಗೆ ನೋಡಿದ ತಕ್ಷಣ ಗೊತ್ತಾಯಿತು.

“ಅಯ್ಯೋ, ನಿಮ್ಮ ವಿಷಯ ಅಲ್ಲಮ್ಮ,” ಎಂದು ಡ್ರೈವರ್ ಗಾಬರಿಯಿಂದ ಎದ್ದುನಿಂತ. “ಇಂಜಿನಿಯರಮ್ಮನ ತಂಗಿ ವಿಷಯ.”

“ಯಾವ ಇಂಜಿನಿಯರಮ್ಮ?”

“ನೌಕೆಯ ಇಂಜಿನಿಯರಮ್ಮ. ‘ಒಂಬತ್ತನೇ ಕಕ್ಷೆ’ ಧಾರಾವಾಹೀಲಿ ಬರ್ತಾಳಲ್ಲ. ಒಂದು ಕಂತಲ್ಲಿ ಅವಳಿಗೆ ರಜೆ ಸಿಗುತ್ತೆ, ತಂಗಿ ಮನೆಗೆ ಹೋಗ್ತಾಳೆ...”

“ಇವತ್ತು, ಇಲ್ಲಿ ಕೂತ್ಕೊಂಡು, ಟೀವಿ ಧಾರಾವಾಹಿ ಮಾತಾಡ್ತಿದೀರಾ?”

“ಬೇರೆ ಏನು ಮಾತಾಡಿದ್ರೂ ಅಳು ಬರುತ್ತಮ್ಮ,” ಎಂದ ಡ್ರೈವರ್.

ನರ್ಸ್ ತಂಗಿಯ ಮುಖವನ್ನೇ ದಿಟ್ಟಿಸುತ್ತಿದ್ದಳು.

“ಒಂದು ನಿಮಿಷ. ‘ನನ್ನ ವಿಷಯ’ ಅಂದ್ರಲ್ಲ... ನೀವು ತಂಗೀನಾ? ಅವರ ತಂಗಿ?”

“ಹೌದು. ಏನೀಗ?”

ಮೇಷ್ಟ್ರು ಎದ್ದುನಿಂತು ಕೈ ಮುಗಿದರು. ಡ್ರೈವರನ ಮುಖ ಅರಳಿತು. “ಸಿಕ್ಕಿಬಿಟ್ರಲ್ಲಪ್ಪಾ ಕೊನೆಗೂ!” ಎಂದು ಅವನು ಕೂಗಿದ್ದಕ್ಕೆ ಚಿತಾಗಾರದ ನೌಕರ ಒಳಗಿನಿಂದ ಇಣುಕಿ, ಬಾಯಿ ಮುಚ್ಚಿಕೊಳ್ಳಿ ಎಂಬಂತೆ ಕೈಸನ್ನೆ ಮಾಡಿದ.

*

“ಗದ್ದ ಎತ್ತು. ಅಲ್ಲಾಡಬೇಡ. ಹುಟ್ಟಿದಾಗಿಂದ ಒಂದು ಕಡೆ ನಿಂತವಳಲ್ಲ ನೀನು.”

ಅದು ಎಷ್ಟೋ ವರ್ಷದ ಹಿಂದಿನ ಮಾತು. ಕನ್ನಡಕದ ಅಂಗಡಿಯ ಎತ್ತರದ ಸ್ಟೂಲಿನ ಮೇಲೆ ತಂಗಿ ಕೂತಿದ್ದಳು. ಅಕ್ಕ ಹೊಸ ಚೌಕಟ್ಟನ್ನು ಅವಳ ಕಿವಿಯ ಹಿಂದೆ ಕೂರಿಸಿ, ತೆಗೆದು, ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಬಗ್ಗಿಸಿ, ಮತ್ತೆ ಕೂರಿಸುತ್ತಿದ್ದಳು.

“ಒಂದು ಭಾನುವಾರ ಬಾರೇ ಮೇಲೆ ನನ್ನ ಮನೆಗೆ. ಒಂದೇ ಒಂದು ಕಂತು ನೋಡ್ಬೇಕು ನೀನು.”

“ಬಾಹ್ಯಾಕಾಶದಲ್ಲಿ ಹಾರಾಡೋರನ್ನ ನೋಡೋಕೆ ನಾನು ಎರಡು ಬಸ್ ಹತ್ತಿಳಿದು ಬರ್ಲಾ?”

“ಅದರಲ್ಲಿ ಯಾರೂ ಹಾರೋದೇ ಇಲ್ಲ. ಅಕ್ಕ ತಂಗಿ ಮನೆಗೆ ಹೋಗ್ತಾಳೆ, ವಾಪಸ್ ಬರ್ತಾಳೆ. ಅಷ್ಟೇ ಕತೆ.”

“ಅದಕ್ಕೆ ಟೀವಿ ಯಾಕೆ? ನೀನು ನಮ್ಮನೆಗೆ ಬರ್ತೀಯ, ಹೋಗ್ತೀಯ. ಅದನ್ನೇ ನೋಡಿ ಸಾಕಾಗಿದೆ ನಂಗೆ.”

ಅಕ್ಕ ನಕ್ಕ ರಭಸಕ್ಕೆ ಕೈಯಲ್ಲಿದ್ದ ಎಳ್ಳಿನಷ್ಟು ಸಣ್ಣ ತಿರುಪುಮೊಳೆ ಹಾರಿಹೋಯಿತು. ಇಬ್ಬರೂ ನೆಲದ ಮೇಲೆ ಮಂಡಿಯೂರಿ ಅದನ್ನು ಹುಡುಕಿದರು. ಹುಡುಕುತ್ತ ಹುಡುಕುತ್ತ ತಂಗಿಗೆ ಅಕ್ಕನ ಮೇಲೆ ಮರುಕ ಹುಟ್ಟಿತ್ತು. ಮದುವೆ ಬೇಡವೆಂದಳು, ನಮ್ಮ ಮನೆಗೆ ಬಂದಿರು ಅಂದರೆ ಅಂಗಡಿ ಬಿಟ್ಟು ಬರಲ್ಲ ಎಂದಳು. ಭಾನುವಾರ ಬಂತೆಂದರೆ ಈ ಮಕ್ಕಳಾಟದ ಧಾರಾವಾಹಿ ಹಾಕಿಕೊಂಡು ಒಬ್ಬಳೇ ಕೂತಿರುತ್ತಾಳೆ ಪಾಪ, ಎಂದುಕೊಂಡಿದ್ದಳು.

ಒಬ್ಬಳೇ ಅಲ್ಲ ಎಂದು ಅಕ್ಕ ಹೇಳಿದ್ದಿರಬಹುದು. ತಂಗಿ ಕೇಳಿಸಿಕೊಂಡಿರಲಿಲ್ಲ.

*

ಚಿತಾಗಾರದ ನೌಕರ ಬಂದು, ಯಾರಾದರೂ ಎರಡು ಮಾತು ಆಡುವುದಿದ್ದರೆ ಆಡಬಹುದು ಎಂದ. ತಂಗಿ ಗಂಡನನ್ನು ನೋಡಿದಳು, ಗಂಡ ತನ್ನ ಚಪ್ಪಲಿ ನೋಡಿಕೊಂಡ. ಕೊನೆಗೆ ಮುಂದೆ ಬಂದವನು ಡ್ರೈವರ್.

“ಭಾನುವಾರ ಧಾರಾವಾಹಿ ನೋಡೋಕೆ ನಾವು ಮೆಟ್ಟಿಲು ಹತ್ತಿ ಹೋದ್ರೆ, ಬಾಗಿಲಲ್ಲೇ ನಮ್ಮ ಕನ್ನಡಕ ಕಿತ್ಕೊಳ್ತಿದ್ರು,” ಎಂದ. “ಎಲ್ಲರದ್ದೂ ತೊಳೆದು, ಒರೆಸಿ, ತಿರುಪು ಬಿಗಿ ಮಾಡಿ, ಆಮೇಲೆ ವಾಪಸ್. ಅಲ್ಲೀವರೆಗೂ ನಾವು ಕುರುಡುಗಣ್ಣು ಬಿಟ್ಕೊಂಡು ಸಾಲಾಗಿ ಕೂತಿರ್ಬೇಕು. ನಮ್ಮ ನರ್ಸಮ್ಮ ಒಂದ್ಸಲ ನನ್ನ ಕಾಫಿ ಕುಡಿದುಬಿಟ್ರು.”

“ಅದು ನಂದೇ ಕಾಫಿ,” ಎಂದಳು ನರ್ಸ್, ಕಣ್ಣೊರೆಸಿಕೊಳ್ಳುತ್ತ.

“ಕೊಳಕು ಗಾಜಲ್ಲಿ ನೋಡಿ ಆಮೇಲೆ ಕಂತು ಚೆನ್ನಾಗಿಲ್ಲ ಅನ್ಬೇಡಿ ಅನ್ನೋರು. ಅಷ್ಟೇ. ಇನ್ನೇನು ಹೇಳ್ಲಿ...” ಡ್ರೈವರ್ ತನ್ನ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಎಷ್ಟು ಒರೆಸಿದರೂ ಅದು ಮಬ್ಬಾಗಿಯೇ ಉಳಿಯಿತು.

ಕಬ್ಬಿಣದ ಬಾಗಿಲು ಮುಚ್ಚಿದ ಮೇಲೆ ಐವರೂ ಹೊರಗಿನ ಬಿಸಿಲಲ್ಲಿ ಸುಮ್ಮನೆ ನಿಂತರು. ಯಾರಿಗೂ ಹೋಗಲು ಮನಸ್ಸಿರಲಿಲ್ಲ, ನಿಲ್ಲಲು ಕಾರಣವೂ ಇರಲಿಲ್ಲ.

“ಒಂದು ಮಾತು ಕೇಳ್ಬೋದಾ?” ಎಂದರು ಮೇಷ್ಟ್ರು ಸಂಕೋಚದಿಂದ. “ಆ ಕಂತಿನ ಬಗ್ಗೆ ನಾವು ವರ್ಷಗಟ್ಟಲೆ ಕಿತ್ತಾಡಿದೀವಿ. ಇವರು ಸಿಟ್ಟು ಅಂತಾರೆ, ಇವರು ದುಃಖ ಅಂತಾರೆ. ನಾನು ಹೇಳೋದು, ಅದು ನಿರ್ದೇಶಕನ ತಪ್ಪು, ಬಾಗಿಲು ತಾನೇ ಮುಚ್ಚಿಕೊಂಡಿದೆ ಅಂತ. ನಿಮ್ಮಕ್ಕ ಮಾತ್ರ ಒಂದು ದಿನಾನೂ ಬಾಯಿ ಬಿಡ್ಲಿಲ್ಲ. ಕೇಳಿದಾಗೆಲ್ಲ ಒಂದೇ ಉತ್ತರ. ‘ನಂಗೊತ್ತಿಲ್ಲ, ನನ್ನ ತಂಗೀನ ಕೇಳ್ಬೇಕು.’”

“ನನ್ನನ್ನಾ? ನಾನು ಅದನ್ನ ನೋಡೇ ಇಲ್ವಲ್ಲ!”

“ಅದಕ್ಕೇ ಇಷ್ಟು ವರ್ಷ ತೀರ್ಪು ಬಾಕಿ,” ಎಂದ ಡ್ರೈವರ್.

ಹೇಗೂ ಅಕ್ಕನ ಮನೆಗೆ ಬೀಗ ಹಾಕಲು ಹೋಗಲೇಬೇಕಿತ್ತು. ತಂಗಿ ಗಂಡನ ಕಡೆ ನೋಡಿದಳು. “ಹೋಗೇ. ನಂಗಂತೂ ಬೆನ್ನು ನೋವು, ಮನೇಲಿ ಬಿದ್ಕೊಳ್ತೀನಿ. ನೀನು ತಪ್ಪು ಹಿಡಿಯೋಕೆ ಏನಾದ್ರೂ ಸಿಗುತ್ತೆ ಅಲ್ಲಿ,” ಎಂದ ಅವನು.

ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಅಕ್ಕನ ಒಂದೇ ಕೋಣೆಯ ಮನೆ. ಟೀವಿಯ ಎದುರು ಕುರ್ಚಿಗಳು ಅರ್ಧಚಂದ್ರಾಕಾರವಾಗಿದ್ದವು. ಮೇಷ್ಟ್ರು ಅಭ್ಯಾಸಬಲದಿಂದ ತಮ್ಮ ಚೀಲವನ್ನು ತುದಿಯ ಕುರ್ಚಿಯ ಮೇಲಿಟ್ಟು, ಬೆಂಕಿ ತಗುಲಿದವರಂತೆ ಥಟ್ಟನೆ ತೆಗೆದರು. “ಕ್ಷಮಿಸಿ. ಇದು ನಿಮ್ಮ ಕುರ್ಚಿ. ಪ್ರತಿ ವಾರ ನಿಮ್ಮಕ್ಕನ ಹತ್ರ ಬೈಸ್ಕೊಳ್ತಿದ್ದೆ.”

ತಂಗಿ ಕೂತಳು. ಕುರ್ಚಿ ಹೊಸದರಂತೆ ಗಟ್ಟಿಯಾಗಿತ್ತು. ನರ್ಸ್ ಎಲ್ಲರ ಕನ್ನಡಕ ತೆಗೆಸಿಕೊಂಡು ತೊಳೆದು ಒರೆಸಿ ತಂದುಕೊಟ್ಟಳು. ಡ್ರೈವರ್ ಕಂತು ಹಾಕಿದ.

ಮೊದಲ ಹತ್ತು ನಿಮಿಷ ತಂಗಿ ಬಾಯಿ ಮುಚ್ಚಲಿಲ್ಲ.

“ಆ ಕಾಲರ್ ಎರಡೂ ಕಡೆ ಸಮ ಇಲ್ಲ. ಅಷ್ಟು ದೊಡ್ಡ ನೌಕೆ ಕಟ್ಟಿದೋರಿಗೆ ಒಂದು ಅಂಗಿ ಹೊಲಿಯೋಕೆ ಬರ್ಲಿಲ್ವಾ?”

“ಇಷ್ಟು ದಿನ ನೋಡಿದೀವಿ, ನಮ್ಮ ಕಣ್ಣಿಗೆ ಬೀಳ್ಲೇ ಇಲ್ಲ!” ಎಂದು ಡ್ರೈವರ್ ಪರದೆಗೆ ಮೂಗು ತಾಗಿಸಿ ನೋಡಿದ.

“ಆ ಮುದುಕನ ಕಿವಿ ರಬ್ಬರಿಂದು.”

“ಅವನು ಬೇರೆ ಗ್ರಹದವನು ಮೇಡಂ.”

“ಆದ್ರೂ ರಬ್ಬರೇ.”

ಆಮೇಲೆ ಇಂಜಿನಿಯರಮ್ಮ ತಂಗಿಯ ಮನೆ ತಲುಪಿದಳು. ಹಿಮದ ಊರು, ಸಣ್ಣ ಮನೆ. ಪರದೆಯ ಮೇಲಿನ ಆ ತಂಗಿ ನೌಕೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೆಟ್ಟುಹೋಗಿದ್ದ ನೀರಿನ ಪಂಪು ತೋರಿಸಿದಳು. ಅಕ್ಕ ಕೂತು ರಿಪೇರಿ ಮಾಡಿದಳು. ಸ್ಪ್ಯಾನರನ್ನು ಹಿಡಿಯುವ ರೀತಿಯ ಮೇಲೆ ಇಬ್ಬರಿಗೂ ಜಗಳವಾಯಿತು. ಒಂದೇ ತಟ್ಟೆಯಲ್ಲಿ ಉಂಡರು. ಅಕ್ಕ ಹೊರಟಳು. ಹಿಮದಲ್ಲಿ ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಇಂಜಿನಿಯರಮ್ಮ ಆ ಮುಚ್ಚಿದ ಬಾಗಿಲನ್ನು ನೋಡುತ್ತ ತುಸು ಹೊತ್ತು ನಿಂತು, ನೌಕೆಯ ಕಡೆ ನಡೆದಳು. ಪರದೆ ಕಪ್ಪಾಯಿತು.

ಸ್ಪ್ಯಾನರಿನ ಜಗಳದಿಂದೀಚೆಗೆ ಕುರ್ಚಿಯಲ್ಲಿ ಕೂತಿದ್ದ ತಂಗಿ ಒಂದೇ ಒಂದು ತಪ್ಪು ಹಿಡಿದಿರಲಿಲ್ಲ.

*

ಅಕ್ಕ ಬದುಕಿದ್ದಾಗ ತಂಗಿಯ ಮನೆಗೆ ಬಂದರೆ ಹೊರಡುವುದೇ ಒಂದು ದೊಡ್ಡ ರಾಮಾಯಣ. ಗೇಟಿನ ತನಕ ಹೋಗುವಳು, ತಿರುಗುವಳು. ಒಲೆ ಆರಿಸಿದ್ಯಾ? ಮತ್ತೆರಡು ಹೆಜ್ಜೆ, ಮತ್ತೆ ತಿರುಗುವಳು. ಕಣ್ಣಿಗೆ ಹನಿ ಹಾಕೋದು ಮರೀಬೇಡ. ಬಾಗಿಲಲ್ಲಿ ತಂಗಿಯ ಮುಖ ಕಾಣುವವರೆಗೂ ಅವಳ ಮಾತು ಮುಗಿಯುತ್ತಿರಲಿಲ್ಲ. ಒಂದು ಸಂಜೆ ಹೀಗೇ ಮಾತಾಡುತ್ತ ಕೊನೆಯ ಬಸ್ಸು ತಪ್ಪಿಸಿಕೊಂಡಳು. ಅದನ್ನು ಹೇಳದೆ, ಕೊರೆಯುವ ಚಳಿಯಲ್ಲಿ ಅಷ್ಟು ದೂರ ನಡೆದೇ ಹೋಗಿ, ಒಂದು ವಾರ ಜ್ವರ ಬಂದು ಮಲಗಿದಳು. ತಂಗಿಗೆ ಅದು ಗೊತ್ತಾದದ್ದು ಆಮೇಲೆ ಯಾರೋ ಹೇಳಿದ್ದರಿಂದ.

ಮುಂದಿನ ಸಲದಿಂದ ಅಕ್ಕ ಹೊಸಿಲು ದಾಟಿದ ಕೂಡಲೇ ತಂಗಿ ಬಾಗಿಲು ಹಾಕಿಬಿಡುತ್ತಿದ್ದಳು. ಅಕ್ಕ ಯಾಕೆಂದು ಕೇಳಲಿಲ್ಲ. ಬಸ್ಸು ಮಾತ್ರ ಮತ್ತೆಂದೂ ತಪ್ಪಲಿಲ್ಲ.

*

“ಹೇಳಿ ಮೇಡಂ,” ಎಂದ ಡ್ರೈವರ್. “ಸಿಟ್ಟು ತಾನೇ?”

“ದುಃಖ,” ಎಂದಳು ನರ್ಸ್.

ತಂಗಿ ಕಪ್ಪು ಪರದೆಯನ್ನೇ ನೋಡುತ್ತಿದ್ದಳು. “ನನ್ನನ್ನೇ ಕೇಳ್ಬೋದಿತ್ತಲ್ಲ ಅವಳು,” ಎಂದಳು.

“ಕರೀತಾನೇ ಇದ್ರಲ್ಲ,” ಎಂದಳು ನರ್ಸ್ ಮೆಲ್ಲಗೆ.

ಕೆಳಗೆ ಬೀದಿಯಲ್ಲಿ ಯಾವುದೋ ಗಾಡಿ ಹಾರನ್ ಹೊಡೆದುಕೊಂಡು ಹೋಯಿತು. ತಂಗಿ ಮೂಗನ್ನು ಜೋರಾಗಿ ಒರೆಸಿಕೊಂಡು ಎದ್ದುನಿಂತಳು. ಕಾರ್ಖಾನೆಯಲ್ಲಿ ಹೊಸಬರಿಗೆ ಕೆಲಸ ಕಲಿಸುವಾಗಿನ ಗತ್ತು ದನಿಗೆ ಬಂದಿತ್ತು.

“ನೀವ್ ಮೂರೂ ಜನ ಪೆದ್ದರು. ಸಿಟ್ಟೂ ಇಲ್ಲ, ದುಃಖಾನೂ ಇಲ್ಲ. ಬಾಗಿಲು ತೆರೆದಿಟ್ರೆ ಆ ಇಂಜಿನಿಯರಮ್ಮ ಹೋಗೋದೇ ಇಲ್ಲ. ತಿರುಗ್ತಾ ತಿರುಗ್ತಾ ಅಲ್ಲೇ ನಿಂತು ನೌಕೆ ತಪ್ಪಿಸ್ಕೊಳ್ತಾಳೆ. ಅಷ್ಟು ಚಳೀಲಿ! ಹಾಗಂತ ತಂಗಿ ಒಳಗೆ ಹೋಗಿಬಿಟ್ಲು ಅಂತಲ್ಲ. ಬಾಗಿಲ ಹಿಂದೇನೇ ಇರ್ತಾಳೆ.”

“ಅದು ಪರದೆ ಮೇಲೆ ಕಾಣಲ್ವಲ್ಲ,” ಎಂದರು ಮೇಷ್ಟ್ರು. “ಆಧಾರ ಏನು?”

“ಆಧಾರಾನಾ? ಬನ್ನಿ ತೋರಿಸ್ತೀನಿ.” ಅವಳು ನರ್ಸನ್ನು ಕೈಹಿಡಿದು ಎಬ್ಬಿಸಿದಳು. “ನೀವು ಇಂಜಿನಿಯರಮ್ಮ. ಹೊರಗೆ ಹೋಗಿ. ಮೆಟ್ಟಿಲಿಳೀರಿ. ನಾನು ಕರೆಯೋ ತನಕ ಹೋಗ್ತಾನೇ ಇರ್ಬೇಕು.”

“ಸ್ಪ್ಯಾನರ್ ಬೇಡ್ವಾ?” ಎಂದಳು ನರ್ಸ್, ನಗು ತಡೆದುಕೊಂಡು.

“ಹೋಗಮ್ಮಾ ಸುಮ್ನೆ!”

ನರ್ಸ್ ಹೊಸಿಲು ದಾಟಿದಳು. ತಂಗಿ ಬಾಗಿಲು ಹಾಕಿದಳು, ಧಡಾರೆಂದೂ ಅಲ್ಲ, ಮೆಲ್ಲಗೂ ಅಲ್ಲ. ಹಾಕಿದ ಮೇಲೆ ಚಿಲಕದ ಮೇಲಿನ ಕೈ ತೆಗೆಯಲಿಲ್ಲ. ಅಕ್ಕ ಹೊರಟಾಗಲೆಲ್ಲ ನಿಲ್ಲುತ್ತಿದ್ದ ಹಾಗೆ, ಕೆನ್ನೆಯನ್ನು ಹಲಗೆಗೆ ಒತ್ತಿ, ಕಿವಿಗೊಟ್ಟು ನಿಂತಳು.

ಡ್ರೈವರ್ ತುದಿಗಾಲಲ್ಲಿ ನಡೆದು ಬಂದು ಅವಳ ಪಕ್ಕದಲ್ಲಿ ಬಾಗಿಲಿಗೆ ಕಿವಿ ಇಟ್ಟ. ಅವನ ಕೆಳಗೆ ಜಾಗ ಮಾಡಿಕೊಂಡು, ಮಂಡಿಯ ನೋವಿಗೆ ಮುಖ ಕಿವುಚುತ್ತ, ಮೇಷ್ಟ್ರೂ ಬಗ್ಗಿದರು. ಹೊರಗೆ ನರ್ಸಿನ ಚಪ್ಪಲಿ ಪಟಪಟನೆ ಇಳಿಯುತ್ತಿತ್ತು. ಒಂದೊಂದೇ ಮೆಟ್ಟಿಲು, ತುಸು ದೂರ, ಇನ್ನೂ ದೂರ. ಅರ್ಧಕ್ಕೆ ಬಂದಿರಬೇಕು, ಸದ್ದು ನಿಂತಿತು.

ಡ್ರೈವರ್ ಏನೋ ಹೇಳಲು ಬಾಯಿ ತೆರೆದ. ತಂಗಿ ಕಣ್ಣು ಮುಚ್ಚಿಕೊಂಡೇ ತುಟಿಯ ಮೇಲೆ ಬೆರಳಿಟ್ಟಳು.